ಎರಡು ಬೆರಳು ಒಳಗೆ ಹೋಗಬೇಕು

ಈ ವಾರ ನಮ್ಮ ಫ್ಯಾಕ್ಟರಿಗೆ ಹೊಸ ಫಾರಂ ಬಂದಿದೆ. ಫಾರಂ ಅಂದರೆ ಕಾಗದವಲ್ಲ, ಮೊಬೈಲಿನಲ್ಲಿ ಒತ್ತುವಂಥದ್ದು. ಅದರಲ್ಲಿ ಐದು ಮುಖಗಳಿವೆ, ಅಳುಮೋರೆಯಿಂದ ಹಿಡಿದು ಹಲ್ಲು ಕಿರಿಯುವ ಮೋರೆಯವರೆಗೆ. ಮಗುವಿಗೆ ಡೈಪರ್ ಹಾಯಾಗಿತ್ತೇ, ಒಳಗೆ ಗಾಳಿಯಾಡುತ್ತಿತ್ತೇ, ಸೊಂಟದ ಪಟ್ಟಿ ಒತ್ತುತ್ತಿತ್ತೇ ಎಂಬ ಮೂರು ಪ್ರಶ್ನೆಗಳಿಗೆ ತಾಯಿಯಾದವಳು ಯಾವುದೋ ಒಂದು ಮೋರೆಯ ಮೇಲೆ ಬೆರಳಿಟ್ಟರೆ ಮುಗಿಯಿತು. ಇದನ್ನು ನೋಡಿದಾಗಿನಿಂದ ನನಗೆ ತಲೆ ಕೆಟ್ಟುಹೋಗಿದೆ. ಅಕ್ಕನಿಗೆ ತೋರಿಸಿದ್ದರೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, "ಇದ್ರಲ್ಲಿ ಕೂಸಿನ ಮಕ ಯಾವ್ದಮ್ಮಿ?" ಎಂದು ಕೇಳುತ್ತಿದ್ದರು. ತೋರಿಸೋಣವೆಂದರೆ ಅವರಿಲ್ಲ. ಮೊನ್ನೆ ಆಷಾಢದಲ್ಲಿ ತೀರಿಕೊಂಡರು.

ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಹೆಸರನ್ನು ನಾನು ಒಂದು ಸಲ ಬರೆಯಬಾರದ ಕಡೆ ಬರೆದಿದ್ದೇನೆ, ಅಷ್ಟು ಸಾಕು. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ಅಕ್ಕ. ಕೆರಗೋಡಿನವರು. ಮಂಡ್ಯದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಹಳ ವರ್ಷ ಆಯಾ ಆಗಿದ್ದು, ಅಲ್ಲಿಂದ ಬಿಟ್ಟ ಮೇಲೆ ಗುತ್ತಲಿನಲ್ಲಿ ಮನೆಮನೆಗೆ ಹೋಗಿ ಎಳೆಗೂಸುಗಳಿಗೆ ನೀರು ಹಾಕುತ್ತಿದ್ದರು. ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಬೋರಲು ಹಾಕಿಕೊಂಡರೆ ಎಂಥ ರಚ್ಚೆಯ ಮಗುವೂ ಅವರ ಕೈಯಲ್ಲಿ ಸುಮ್ಮನಾಗುತ್ತಿತ್ತಂತೆ.

ನಾನು ಮಳವಳ್ಳಿಯವಳು. ಬಿ.ಎಸ್ಸಿ. ಮುಗಿಸಿ ಮದ್ದೂರಿನ ಆಚೆಗಿರುವ ಡೈಪರ್ ಫ್ಯಾಕ್ಟರಿಯ ಲ್ಯಾಬಿಗೆ ಸೇರಿದೆ. ನಮ್ಮದು ಸ್ವಂತ ಹೆಸರಿಲ್ಲದ ಫ್ಯಾಕ್ಟರಿ. ನಾವು ಮಾಡಿದ ಮಾಲಿನ ಮೇಲೆ ಬೇರೆ ಬೇರೆಯವರ ಹೆಸರು ಬೀಳುತ್ತದೆ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮದ್ದೂರು ಎಂದಿರುತ್ತದೆ ಅಷ್ಟೆ. ಡೈಪರಿನ ಹೊರಮೈಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಉಚ್ಚೆ ಹೊರಗೆ ಬರಬಾರದು, ಆದರೆ ಒಳಗಿನ ಆವಿ ಹೊರಗೆ ಹೋಗಬೇಕು. ಅದಕ್ಕಾಗಿ ಆ ಹಾಳೆಗೆ ಕಣ್ಣಿಗೆ ಕಾಣದ ತೂತುಗಳು. ಲ್ಯಾಬಿನಲ್ಲಿ ನಾವು ನೀರಿರುವ ಲೋಟದ ಬಾಯಿಗೆ ಈ ಹಾಳೆ ಕಟ್ಟಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ನೀರು ಎಷ್ಟು ಕಮ್ಮಿಯಾಯಿತು ಎಂದು ತೂಗುತ್ತೇವೆ. ಹೆಚ್ಚು ನೀರು ಆವಿಯಾಗಿ ಹೋಗಿದ್ದರೆ ಹಾಳೆ ಒಳ್ಳೆಯದು. ಇಷ್ಟು ಲ್ಯಾಬಿನ ಕೆಲಸ. ಆಮೇಲೆ ಡೈಪರ್ ಪ್ಯಾಕುಗಳನ್ನು ಎಳೆಮಕ್ಕಳಿರುವ ಮನೆಗಳಿಗೆ ಕೊಟ್ಟು, ಒಂದು ವಾರ ಬಿಟ್ಟು ಹೋಗಿ, ಪ್ರತಿ ಪ್ರಶ್ನೆಗೂ ಐದಕ್ಕೆ ಎಷ್ಟು ಎಂದು ಬರೆಸಿಕೊಂಡು ಬರಬೇಕು.

ಈ ಎರಡನೆಯ ಕೆಲಸದಲ್ಲಿ ನಾನು ಮೊದಲ ತಿಂಗಳೇ ಸೋತೆ. ಚೂಡಿದಾರ ಹಾಕಿಕೊಂಡು, ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಹೋದವಳ ಮುಂದೆ ಯಾರೂ ಮಗುವಿನ ಡೈಪರ್ ಬಿಚ್ಚಿ ತೋರಿಸಲಿಲ್ಲ. ದೃಷ್ಟಿಯಾಗುತ್ತದೆ ಎಂದರು, ಮಗು ಮಲಗಿದೆ ಎಂದರು. ಆಗ ಮ್ಯಾನೇಜರು ಎಲ್ಲಿಂದಲೋ ಅಕ್ಕನನ್ನು ಹುಡುಕಿ ತಂದು ನನ್ನ ಜೊತೆ ಹಾಕಿದರು.

ಬಂದ ದಿನವೇ ಲ್ಯಾಬ್ ತೋರಿಸಿದೆ. ಲೋಟ, ಪೆಟ್ಟಿಗೆ, ತಕ್ಕಡಿ ಎಲ್ಲ ವಿವರಿಸಿದೆ. ಕೇಳಿಸಿಕೊಂಡು, "ಈ ಲೋಟ ಕಾಲಾಡಿಸ್ತದಾ?" ಎಂದರು.

"ಇಲ್ಲ."

"ಮಗ್ಗುಲಾಯ್ತದಾ?"

"ಇಲ್ಲ ಅಕ್ಕ."

"ಮತ್ತೆ ಅದ್ಕೆಂಗೆ ಗೊತ್ತಾಯ್ತದೆ?"

ಅಷ್ಟಕ್ಕೇ ಬಿಡಲಿಲ್ಲ. ಒಂದು ಡೈಪರ್ ತೆಗೆದು ತಮ್ಮ ತೋಳಿಗೆ ಸುತ್ತಿಕೊಂಡು, ಉಗುರುಬೆಚ್ಚಗಿನ ನೀರು ಒಳಗೆ ಸುರಿದು, ಅಂಟುಪಟ್ಟಿ ಎಳೆದು ಕಟ್ಟಿ, ಹಾಗೆಯೇ ನನ್ನ ಜೊತೆ ಮಳವಳ್ಳಿ ಬಸ್ಸು ಹತ್ತಿದರು. ಇಡೀ ಬಸ್ಸು ನೋಡಿತು. ಕಂಡಕ್ಟರು, "ಏನಾಯ್ತಮ್ಮೋ ಕೈಗೆ?" ಎಂದ. "ಕೂಸಾಗೈತೆ ಕಣಪ್ಪ. ಇದ್ಕೂ ಟಿಕೇಟ್ ತಗಬೇಕಾ?" ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಕೂತಿದ್ದೆ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹೋಟೆಲಿನಲ್ಲಿ ಕಾಫಿಗೆ ಹೇಳಿ, ಅಲ್ಲೇ ಬಿಚ್ಚಿದರು. ತೋಳಿನ ಮೇಲೆ ಪಟ್ಟಿಯ ಗೆರೆ ಕೆಂಪಗೆ ಮೂಡಿತ್ತು. "ಈ ಗೆರೆ ಕಾಪಿ ಮುಗ್ಯೋದ್ರೊಳಗೆ ಅಳಿಸೋಗ್ಬೇಕು ಕಣಮ್ಮಿ. ಇಲ್ದಿದ್ರೆ ಬಿಗಿ ಅಂತ." ಕಾಫಿ ಮುಗಿಯಿತು, ಗೆರೆ ಇತ್ತು. ಆ ಸಲದ ಪಟ್ಟಿ ನಿಜಕ್ಕೂ ಬಿಗಿಯಾಗಿತ್ತು. ಅದನ್ನು ರಿಪೋರ್ಟಿನಲ್ಲಿ ಹೇಗೆ ಬರೆಯುವುದು? ಒಂದು ಕಾಫಿಯಷ್ಟು ಹೊತ್ತು ಎಂದು ಬರೆಯಲಾದೀತೇ? ನನ್ನ ಕಷ್ಟ ಅಲ್ಲಿಂದ ಶುರುವಾಯಿತು.

ಯಾಕೆಂದರೆ ಅಕ್ಕ ನಂಬರು ಕೊಡುತ್ತಿರಲಿಲ್ಲ. ಏನು ಮಾಡಿದರೂ ಕೊಡುತ್ತಿರಲಿಲ್ಲ. ಒಂದರಿಂದ ಐದರವರೆಗೆ ಯಾವುದಾದರೂ ಒಂದು ಹೇಳಿ ಅಕ್ಕ, ನನ್ನ ಜೀವ ಉಳಿಸಿ ಎಂದು ಬೇಡಿಕೊಂಡಿದ್ದೇನೆ. "ಕೂಸು ಒಪ್ಪೈತೆ," ಇಲ್ಲವೇ, "ಕೂಸು ಒಪ್ಪಿಲ್ಲ." ಇವೆರಡೇ ಅವರ ಉತ್ತರ. ನಾನು ಮನೆಗೆ ಬಂದು ಮಗಳ ಮುಂದೆ ಪಾತ್ರೆ ಕುಕ್ಕುತ್ತಿದ್ದೆ.

ದುದ್ದದ ಒಂದು ಮನೆಯನ್ನು ಮಾತ್ರ ಮರೆಯಲಾರೆ. ಚಿಕ್ಕ ವಯಸ್ಸಿನ ತಾಯಿ, ದಿನದಿನದ ಮಾರ್ಕು ಬರೆಯಲು ನಾವು ಕೊಟ್ಟಿದ್ದ ಪುಸ್ತಕವನ್ನು ನಗುನಗುತ್ತಾ ತಂದುಕೊಟ್ಟಳು. ಏಳು ದಿನವೂ ಎಲ್ಲದಕ್ಕೂ ಐದು. ನನಗೆ ಖುಷಿಯಾಗಿ ಪುಸ್ತಕ ಬ್ಯಾಗಿಗೆ ಹಾಕಿಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಅಕ್ಕನ ಕೂಗು: "ಅಮ್ಮಿ, ಒಸಿ ಇಲ್ ಬಾ."

ಹೋಗಿ ನೋಡಿದರೆ, ಈ ತುದಿಯಿಂದ ಆ ತುದಿಯವರೆಗೆ ತಂತಿಯ ತುಂಬ ಲಂಗೋಟಿಗಳು. ಹಳೇ ಪಂಚೆ, ಹಳೇ ಸೀರೆ ಹರಿದು ಮಾಡಿದ ಲಂಗೋಟಿಗಳು, ಇನ್ನೂ ನೀರು ತೊಟ್ಟಿಕ್ಕುತ್ತಿವೆ.

"ವಾರವೆಲ್ಲ ಡೈಪರ್ರೇ ಆಕೀವ್ನಿ ಅಂತ ಬರ್ದವ್ಳಲ್ಲ, ಇವ್ಯಾರ್ವು? ಇವ್ಳ ಗಂಡನ್ವಾ?" ಎಂದರು ಅಕ್ಕ.

ಆ ಹುಡುಗಿ ಸೆರಗು ಬಾಯಿಗೆ ಇಟ್ಟುಕೊಂಡಳು. "ಮುಂದಿನ್ ತಿಂಗ್ಳು ನಮ್ ತಮ್ಮನ ಮದ್ವೆ ಐತೆ ಕಣಕ್ಕ. ಛತ್ರದಲ್ಲಿ ಬೇಕಾಯ್ತವೆ ಅಂತ ಎತ್ತಿಟ್ಟಿವ್ನಿ. ಸುಮ್ಕೆ ಬಂದಿದ್ನ ದಿನಾ ಆಕಿ ಆಳು ಮಾಡಾದಾ?"

"ಹಾಗಾದರೆ ಐದು ಯಾಕೆ ಬರೆದೆ?" ಎಂದೆ. ನನ್ನ ಧ್ವನಿ ಏರಿತ್ತು.

"ನೀವು ಅಷ್ಟು ಬಿಸ್ಲಲ್ಲಿ ಬಂದು ಕೊಟ್ಟೋಗಿದ್ರಿ. ಕಮ್ಮಿ ಆಕಿದ್ರೆ ಏನನ್ಕತೀರೋ ಅಂತ."

ಅಲ್ಲಿಂದ ಮುಂದೆ ಅಕ್ಕ ಯಾವ ಮನೆಗೂ ಮುಂಬಾಗಿಲಿನಿಂದ ಹೋಗಲಿಲ್ಲ. ಮೊದಲು ಹಿತ್ತಲು, ಮೊದಲು ತಂತಿ. ಆ ವಾರ ನಾವು ಒಟ್ಟುಮಾಡಿದ್ದ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ಅಡ್ಡಗೆರೆ ಎಳೆದು ಪಕ್ಕಕ್ಕಿಟ್ಟರು. ಬಿಸಿಲಲ್ಲಿ ಅಲೆದದ್ದೆಲ್ಲ ನೀರುಪಾಲು. ಬಸ್ ಸ್ಟಾಪಿನಲ್ಲಿ ಜನರ ಎದುರಿಗೇ ಅವರ ಮೇಲೆ ರೇಗಿದೆ. ಅವರು ಎಲೆಅಡಿಕೆ ಮಡಿಸುತ್ತಾ, "ಅವ್ರು ಕೊಟ್ಟಿದ್ದು ಮಾರ್ಕಲ್ಲ ಕಣಮ್ಮಿ, ಮರ್ವಾದೆ. ಮರ್ವಾದೇನ ತಗಂಡೋಗಿ ಫಾರಂಗೆ ಬರ್ಕತೀಯಾ?" ಎಂದರು.

ಅವರ ಪರೀಕ್ಷೆಯೇ ಬೇರೆ. ಮಲಗಿದ ಮಗುವಿನ ಪಕ್ಕ ಕೂತು, ತಮ್ಮ ಕೈಯನ್ನು ಸೆರಗಿನಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ತೋರುಬೆರಳು ನಡುಬೆರಳು ಎರಡನ್ನೂ ಜೋಡಿಸಿ ಸೊಂಟದ ಪಟ್ಟಿಯೊಳಗೆ ಬೆನ್ನಿನ ಕಡೆಯಿಂದ ಮೆಲ್ಲಗೆ ಇಳಿಸುತ್ತಿದ್ದರು. "ಎಲ್ಡು ಬೆಳ್ಳು ಒಳಿಕೆ ಓಗ್ಬೇಕು. ಓದ ಬೆಳ್ಳು ಬೆವರ್ದೆ ಈಚ್ಗೆ ಬರ್ಬೇಕು. ಅಷ್ಟೇಯ." ಆ ಬೆರಳುಗಳನ್ನು ತಮ್ಮ ಕೆನ್ನೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿ ನೋಡುತ್ತಿದ್ದರು. ನನಗೆ ಅಸಹ್ಯವಾಗುತ್ತಿತ್ತು, ಸ್ಯಾನಿಟೈಸರ್ ಚಾಚುತ್ತಿದ್ದೆ. "ಕೂಸಿನ ಬೆವ್ರು ಕಣಮ್ಮಿ, ಇಸ ಅಲ್ಲ," ಎಂದು ಬೈಸಿಕೊಂಡಿದ್ದೇನೆ.

ಉಡಿದಾರದ ಗಲಾಟೆಯೂ ಇತ್ತು. ನಮ್ಮ ನಿಯಮದ ಪುಸ್ತಕದಲ್ಲಿ ಪರೀಕ್ಷೆಯ ಹೊತ್ತಿಗೆ ಮಗುವಿನ ಸೊಂಟದಲ್ಲಿ ಏನೂ ಇರಬಾರದು ಎಂದಿದೆ. ಉಡಿದಾರ ಬಿಚ್ಚಿ ಎಂದಾಗ ಒಬ್ಬ ಅಜ್ಜಿ, "ನಿಮ್ಮವ್ವ ನಿಂಗೆ ಕಟ್ಟಿರ್ನಿಲ್ವಾ?" ಎಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅಕ್ಕ ಬಿಚ್ಚಿಸಲಿಲ್ಲ. ಉಡಿದಾರವನ್ನು ಒಂದು ಬೆರಳಿನಿಂದ ಪಟ್ಟಿಯ ಮೇಲಕ್ಕೆ ಎತ್ತಿ ಕೂರಿಸಿ, ಅದರಲ್ಲಿನ ಬೆಳ್ಳಿಮಣಿ ಎಲ್ಲಿ ಒತ್ತುತ್ತದೆ ಎಂದು ನನಗೆ ತೋರಿಸಿದರು. ಮುಂಭಾಗದ ಪಟ್ಟಿಯನ್ನು ಒಂದು ಬೆರಳಗಲ ತಗ್ಗಿಸಿ ಕತ್ತರಿಸಿದರೆ ಈ ಊರುಗಳ ಯಾವ ಮಗುವಿಗೂ ಒತ್ತುವುದಿಲ್ಲ ಎಂದರು. ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಇವತ್ತಿಗೂ ಅದೇ ಪಟ್ಟಿ, ಅದೇ ಅಚ್ಚು.

ಹೀಗೆ ಕೆಲವು ವರ್ಷ ಇಬ್ಬರೂ ಅಲೆದೆವು; ಇನ್ನು ಹೋದ ವರ್ಷದ ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ಹೊರಮೈಯ ಹಾಳೆ ಬದಲಾಯಿತು, ಬೇರೆ ಕಡೆಯಿಂದ ಉರುಳೆಗಟ್ಟಲೆ ಹೊಸದು ಬಂತು. ಲೋಟದ ಪರೀಕ್ಷೆಯಲ್ಲಿ ಅದು ಪಾಸಾಯಿತು, ಆದರೆ ಅಂಚಿನಲ್ಲಿ. ಮನೆಗಳಿಗೆ ಹಂಚಿದೆವು. ಮದ್ದೂರಿನ ಸುತ್ತಮುತ್ತ ಶೀಟಿನ ಮನೆಗಳು, ಮಧ್ಯಾಹ್ನದ ಹೊತ್ತು ಒಳಗೆ ಕಾಲಿಟ್ಟರೆ ಧಗೆ. ಮಗುವಿಗೆ ಹರಳೆಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ರಬ್ಬರ್ ಶೀಟಿನ ಮೇಲೆ ಮಲಗಿಸಿರುತ್ತಾರೆ. ಅಕ್ಕನ ಎರಡು ಬೆರಳು ಮನೆಯಿಂದ ಮನೆಗೆ ಒದ್ದೆಯಾಗಿಯೇ ಈಚೆಗೆ ಬಂದವು. ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದ ಒಂದು ಹೆಣ್ಣುಮಗು ದನಿ ಹೋಗುವ ಹಾಗೆ ಅಳುತ್ತಿತ್ತು.

"ಇದು ಉಸ್ರಾಡಕಿಲ್ಲ. ಬ್ಯಾಡ," ಎಂದರು.

ನಾನು ವಾದಕ್ಕೆ ನಿಂತೆ. ಎಣ್ಣೆಯಿಂದ ತೂತು ಮುಚ್ಚಿಕೊಳ್ಳುತ್ತದೆ, ಕೆಳಗಡೆ ರಬ್ಬರ್ ಶೀಟು ಬೇರೆ, ಇದು ಹಾಳೆಯ ತಪ್ಪಲ್ಲ, ಇವರು ಸಾಕುವ ರೀತಿಯ ತಪ್ಪು ಎಂದೆ.

"ಸರಿ, ಎಣ್ಣೆ ಬುಡ್ಸೋಗು. ಮ್ಯಾಲಿನ್ ಶೀಟ್ ತೆಗ್ಸಿ ನಾಡಂಚು ಆಕ್ಸೋಗು," ಎಂದರು. "ಅಮ್ಮಿ, ಕೂಸು ಬಾಳೋ ಮನೇಲಿ ನೋಡ್ಬೇಕಾ, ನಿನ್ ಪೆಟ್ಗೇಲಿ ನೋಡ್ಬೇಕಾ?"

ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಷ್ಟು ಸಿಟ್ಟು ಬಂದದ್ದು. ಆ ಸಲ ಅಕ್ಕ ಫಾರಂಗಳನ್ನು ತಾವೇ ತೆಗೆದುಕೊಂಡು, ಒಂದೊಂದರ ಮೇಲೂ ಐದು ಚೌಕಗಳಿಗೆ ಅಡ್ಡಲಾಗಿ, ದಪ್ಪ ಅಕ್ಷರದಲ್ಲಿ "ಬೇಡ" ಎಂದು ಬರೆದು ಕೆಳಗೆ ರುಜು ಹಾಕಿದರು. ಮಾತಿನಲ್ಲಿ ಬ್ಯಾಡ ಎನ್ನುವವರು ಬರೆಯುವಾಗ ಶುದ್ಧವಾಗಿ ಬರೆದಿದ್ದರು. ಮ್ಯಾನೇಜರು ಅದನ್ನು ಎರಡು ಬೆರಳಿನಲ್ಲಿ ಹಿಡಿದು, "ಬೇಡ ಅನ್ನೋದು ನಂಬರಾ ಮೇಡಂ? ಶನಿವಾರದೊಳಗೆ ನಂಬರ್ ಕಳಿಸಿ. ಇಲ್ಲದಿದ್ದರೆ ಈ ಆರ್ಡರ್ ಹೋಗುತ್ತೆ, ಆಮೇಲೆ ನನ್ನ ಕೇಳಬೇಡಿ," ಎಂದರು.

ಹೊಸ ಫಾರಂ ತೆಗೆದುಕೊಂಡು ಕೂತೆ. ಎಲ್ಲದರಲ್ಲೂ ನಾಲ್ಕು ತುಂಬಿದೆ. ಐದು ಹಾಕಿದರೆ ಯಾರೂ ನಂಬುವುದಿಲ್ಲ, ಮೂರು ಹಾಕಿದರೆ ಯಾಕೆ ಅಂತ ಕೇಳುತ್ತಾರೆ. ನಾಲ್ಕಕ್ಕೆ ಯಾರೂ ಏನೂ ಕೇಳುವುದಿಲ್ಲ. ಪರೀಕ್ಷಿಸಿದವರು ಎಂಬಲ್ಲಿ ಅವರ ಹೆಸರು ಬರೆದೆ. ಸುಳ್ಳು ಹೇಳುವುದಿಲ್ಲ. ಮುಗಿದರೆ ಸಾಕು ಅನಿಸಿತ್ತು.

ಸೋಮವಾರ ಬಂದ ಅಕ್ಕ ನನ್ನ ಮೇಜಿನ ಮೇಲಿದ್ದ ನಕಲುಗಳನ್ನು ಎತ್ತಿಕೊಂಡರು. ಒಂದೊಂದೇ ಹಾಳೆ ಮಗುಚಿದರು.

"ಇದ್ಯಾರ ಅಕ್ಸರ?"

"ನಂದೇ ಅಕ್ಕ."

"ನಾಕು ಯಾರು ಕೊಟ್ಟಿದ್ದು? ಕೂಸಾ?"

ನಾನು ಏನೇನೋ ಹೇಳಿದೆ. ಶನಿವಾರ ಎಂದೆ, ಆರ್ಡರ್ ಎಂದೆ, ಇದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಎಂದೂ ಅಂದುಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬ್ಯಾಗಿನಲ್ಲಿ ಉಳಿದಿದ್ದ ಪ್ಯಾಕುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಪೆನ್ನು ಇಟ್ಟರು. ಕತ್ತಿನ ಕಾರ್ಡು ತೆಗೆದು, ಅದರ ದಾರವನ್ನು ಸುರುಳಿ ಸುತ್ತಿ ಅದರ ಪಕ್ಕಕ್ಕಿಟ್ಟರು. "ಬತ್ತೀನಿ ಕಣಮ್ಮಿ. ಕೆರಗೋಡ್ ಬಸ್ಸಿಗೆ ಒತ್ತಾಯ್ತು," ಎಂದು ಹೊರಟರು. ಆಗಿನ್ನೂ ಬೆಳಗಿನ ಹತ್ತೂವರೆ.

ಆಮೇಲೆ ಫೋನು ಮಾಡಿದಾಗಲೆಲ್ಲ ಮಾತಾಡುತ್ತಿದ್ದರು. ಕಬ್ಬು ಕಡಿದಾಯಿತು, ನಾಲೆಗೆ ನೀರು ಬಿಟ್ಟರು, ನಿನ್ನ ಮಗಳು ಸರಿಯಾಗಿ ಉಣ್ಣುತ್ತಾಳಾ, ಎಲ್ಲ. ಆ ಒಂದು ವಿಷಯ ಮಾತ್ರ ಅವರ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ನಾಳೆ ಅಂದುಕೊಂಡೆ, ಹಬ್ಬಕ್ಕೆ ಹೋದಾಗ ಅಂದುಕೊಂಡೆ.

ಮಳೆಗಾಲ ಬರುವಷ್ಟರಲ್ಲಿ ಅಂಗಡಿಗಳಿಂದ ದೂರು ಬರತೊಡಗಿದವು. ಮಾಲು ತೆಗೆದುಕೊಂಡವರು ವಾಪಸು ಕಳಿಸಿದರು. ಫಾರಂ ತುಂಬಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಬದಲಿಗೆ ನನ್ನನ್ನು ಲ್ಯಾಬಿನ ಮುಖ್ಯಸ್ಥಳನ್ನಾಗಿ ಮಾಡಿದರು, ನಮ್ಮಲ್ಲಿ ಕೆಲಸ ನಡೆಯುವುದು ಹೀಗೆ. ಉಳಿದ ಹಾಳೆಯ ಉರುಳೆಗಳನ್ನು ಏನು ಮಾಡುವುದು ಎಂದು ಮೀಟಿಂಗಿನಲ್ಲಿ ಮಾತು ಬಂತು. ಹಾಸಿಗೆ ಹಿಡಿದ ದೊಡ್ಡವರಿಗೆ ಹಾಕುವ ಡೈಪರ್ ಮಾಡೋಣ ಎಂದು ಮ್ಯಾನೇಜರೇ ಹೇಳಿದರು. "ಮಕ್ಕಳಾದರೆ ಕಷ್ಟ. ದೊಡ್ಡವರಿಗೆ ತೊಂದರೆಯಾದರೆ ಬಾಯಿಬಿಟ್ಟು ಹೇಳುತ್ತಾರೆ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಈ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಕ್ಕನಿಗೆ ಲಕ್ವ ಹೊಡೆದಿದೆ ಎಂದು ತಿಳಿಯಿತು. ಬಲಗಡೆ ಪೂರ್ತಿ ಹೋಗಿತ್ತು, ಮಾತು ನಿಂತಿತ್ತು. ರಜಾ ಹಾಕಿ, ಮಂಡ್ಯದಲ್ಲಿ ಬಸ್ಸು ಬದಲಾಯಿಸಿ ಕೆರಗೋಡಿಗೆ ಹೋದೆ. ಮನೆ ಹತ್ತಿರ ಬಂದಾಗ ಕಾಲುಗಳು ತಾವಾಗಿಯೇ ಹಿತ್ತಲ ಕಡೆ ನಡೆದವು. ಅವರೇ ಕಲಿಸಿದ ಅಭ್ಯಾಸ. ತಂತಿಯ ಮೇಲೆ ಎರಡು ಸೀರೆ, ಒಂದು ಟವೆಲು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಸಿಗೆ ಹಿಡಿದವರಿರುವ ಮನೆಯ ತಂತಿ ಅಷ್ಟು ಖಾಲಿ ಇರಬಾರದು ಎಂದು ಅಲ್ಲೇ ಅರ್ಥವಾಯಿತು.

ಒಳಗೆ ಗೋಡೆಯ ಪಕ್ಕ ಮಂಚದ ಮೇಲೆ ಮಲಗಿದ್ದರು. ನನ್ನನ್ನು ಕಂಡು ಎಡಗಣ್ಣಿನಲ್ಲಿ ನೀರು ತುಂಬಿತು. ಕೈ ಹಿಡಿದುಕೊಂಡು ಕೂತೆ. ನನಗೂ ಅಳು ತಡೆಯಲಾಗಲಿಲ್ಲ. ಸೊಸೆ ಕಾಫಿ ತಂದಿಟ್ಟು, ಮೂಲೆಯಲ್ಲಿದ್ದ ಪ್ಯಾಕು ತೋರಿಸಿದಳು. ಹೆಮ್ಮೆಯಿಂದಲೇ ತೋರಿಸಿದಳು. "ಅಂಗ್ಡೀಲಿ ಬೇರೆವೂ ಇದ್ವು ಮೇಡಂ. ಇದ್ರ ಮ್ಯಾಲೆ ಮದ್ದೂರು ಅಂತ ಐತೆ ನೋಡಿ. ನಮ್ಮತ್ತೆ ಕೆಲ್ಸ ಮಾಡಿದ್ ಕಡೇದು, ಅವ್ರೇ ನೋಡಿ ಪಾಸ್ ಮಾಡಿರೋದು ಒಳ್ಳೇದಿರ್ತದೆ ಅಂತ ಇದ್ನೇ ತಂದೊ."

ಪ್ಯಾಕು ಕೈಗೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಅದೇ ಹಾಳೆ.

ಸೊಸೆಗೆ ಬಾಗಿಲು ಮುಂದಕ್ಕೆ ಮಾಡಲು ಹೇಳಿದೆ. ಕೈಯನ್ನು ದುಪಟ್ಟಾದಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಕ್ಕನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಎರಡು ಬೆರಳು ಬೆನ್ನಿನ ಕಡೆಯಿಂದ ಪಟ್ಟಿಯೊಳಗೆ ಇಳಿಸಿದೆ. ಒಳಗೆ ಮುಚ್ಚಿದ ಪಾತ್ರೆಯ ಹಬೆ. ಬೆರಳು ಒದ್ದೆಯಾಗಿ ಬಂದವು. ಸೊಂಟದ ಉದ್ದಕ್ಕೂ ಕೆಂಪು ಗುಳ್ಳೆಗಳು, ಆ ಹೆಣ್ಣುಮಗುವಿಗೆ ಎದ್ದಂಥವೇ. ಬೆರಳನ್ನು ಕೆನ್ನೆಗೆ ಮುಟ್ಟಿಸಿಕೊಂಡೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಯಾಕೆ ಕೇಳಿದೆನೋ ಇವತ್ತಿಗೂ ಗೊತ್ತಿಲ್ಲ, ಅಷ್ಟು ವರ್ಷ ಕೇಳಿ ಕೇಳಿ ಸೋತ ಪ್ರಶ್ನೆಯೇ ಬಾಯಿಗೆ ಬಂತು.

"ಐದಕ್ಕೆ ಎಷ್ಟು ಕೊಡ್ತೀರಕ್ಕ?"

ಅವರು ಎಡಗೈಯನ್ನು ಹೊದಿಕೆಯಿಂದ ಈಚೆಗೆ ತೆಗೆದರು. ಹೆಬ್ಬೆರಳನ್ನು ಅಂಗೈಗೆ ಮಡಚಿದರು. ಉಳಿದ ನಾಲ್ಕು ಬೆರಳನ್ನು ನೆಟ್ಟಗೆ ನನ್ನ ಮುಖದ ಎದುರು ಹಿಡಿದರು. ತುಟಿಯ ಎಡಗಡೆ ಒಂದಿಷ್ಟು ಮೇಲೆದ್ದಿತು. ನಗುತ್ತಿದ್ದರೋ ಬೈಯುತ್ತಿದ್ದರೋ ಹೇಳಲಾರೆ. ಕೈ ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಬಾಗಿಲ ಸಂದಿಯಿಂದ ಸೊಸೆ ಇಣುಕಿದಳು. "ಏನ್ ಮೇಡಂ, ಚೆನ್ನಾಗಿಲ್ವಾ ಅದು?"

"ಬ್ಯಾಡ ಕಣಮ್ಮ," ಎಂದೆ. "ಅಳೇ ಪಂಚೆ ಇದ್ರೆ ತಗಂಡ್ ಬಾ."